ಚಕ್ರಗರಗಸದ ಬ್ರುನೆಲ್

ನಮ್ಮ ಶಾಲೆಯ ಹುಡುಗರಲ್ಲಿ ಅನೇಕರು ಮರ ಕೊಯ್ಯುವ ಕಾರ್ಖಾನೆಯನ್ನು ಕಂಡವರು. ಹಲ್ಲುಳ್ಳ ಉಕ್ಕಿನ ತಟ್ಟೆಯು ಗಿರ್ರನೆ ತಿರುಗಿ ದಿಮ್ಮಿಯನ್ನು ಸೀಳುವುದನ್ನು ನೋಡುತ್ತ ನಿಂತು, ತರಗತಿಗೆ ತಡವಾಗಿ ಬಂದವರೂ ಉಂಟು. ಅಂಥವರಿಗಾಗಿ ಮಾರ್ಕ್ ಬ್ರುನೆಲನ ಚರಿತೆಯನ್ನು ಇಲ್ಲಿ ಹೇಳಬಯಸುತ್ತೇವೆ.

ಈತನು 1769ರಲ್ಲಿ ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಹಳ್ಳಿಯೊಂದರಲ್ಲಿ ಜನಿಸಿದನು. ಮಗನು ಪಾದ್ರಿಯಾಗಲೆಂದು ತಂದೆಯ ಆಸೆ; ಮಗನ ಕಣ್ಣು ಬಡಗಿಯ ಉಳಿಯ ಮೇಲೆ. ರಾಜಪಕ್ಷದವನಾದುದರಿಂದ ಕ್ರಾಂತಿಕಾಲದಲ್ಲಿ, 1793ರಲ್ಲಿ, ಅಮೆರಿಕೆಗೆ ಓಡಿಹೋದನು. 1799ರಲ್ಲಿ ಲಂಡನ್ನಿಗೆ ಬಂದು ಸೋಫಿಯಾ ಕಿಂಗ್‌ಡಮ್ ಎಂಬಾಕೆಯನ್ನು ವಿವಾಹವಾದನು. ಪರಭಾಷೆಯ ನಗರದಲ್ಲಿ ಅನ್ನ ಹುಡುಕುವ ಕಷ್ಟವನ್ನು ನಾವೂ ಬಲ್ಲೆವು.

ಚಕ್ರಗರಗಸವನ್ನು ಮೊದಲು ಕಲ್ಪಿಸಿದವನು ಈತನಲ್ಲ; 1777ರಲ್ಲಿ ಸ್ಯಾಮ್ಯುಯೆಲ್ ಮಿಲ್ಲರನು ಪಡೆದ ಪೇಟೆಂಟಿನಲ್ಲಿಯೇ ಅದರ ಉಲ್ಲೇಖವಿದೆ. ಆದರೂ ಇಂಗ್ಲೆಂಡಿನಲ್ಲಿ ದಿಮ್ಮಿಯನ್ನು ಹೊಂಡದ ಮೇಲಿಟ್ಟು, ಒಬ್ಬನು ಮೇಲೂ ಒಬ್ಬನು ಕೆಳಗೂ ನಿಂತು ಕೊಯ್ಯುತ್ತಿದ್ದರು. ಕೆಳಗಿನವನ ಕಣ್ಣುಬಾಯಿಗೆಲ್ಲ ಹೊಟ್ಟು! ಎಳೆಯುವ ಗರಗಸವು ಹೋಗಿ ಬರಬೇಕು. ಚಕ್ರವಾದರೋ ಹಿಂದಿರುಗುವ ಗೊಡವೆಯಿಲ್ಲದೆ ಒಂದೇ ಸಮನೆ ಕೊಯ್ಯುತ್ತದೆ. ಅದರ ಹಲ್ಲುಗಳನ್ನು ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ತುಸು ಬಾಗಿಸಿರುತ್ತಾರೆ. ಸೀಳು ಅಗಲವಾಗಿ ತಟ್ಟೆಯು ಸಿಕ್ಕಿಕೊಳ್ಳದು.

ಆಗ ಒಂದು ದೊಡ್ಡ ಯುದ್ಧನೌಕೆಯ ಹಗ್ಗಗಳಿಗೆ ಸುಮಾರು ಸಾವಿರ ಮರದ ರಾಟೆಗಳು ಬೇಕಾಗುತ್ತಿದ್ದವು. ಅವುಗಳನ್ನು ಮಾಡಲು ಬ್ರುನೆಲನು ಯಂತ್ರಗಳನ್ನು ಯೋಜಿಸಿದನು. ಹೆನ್ರಿ ಮಾಡ್ಸ್‌ಲೆಯು ಕಟ್ಟಿಕೊಟ್ಟನು. ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ಚಕ್ರಗರಗಸಗಳು ಎಲ್ಮ್ ಮರವನ್ನು ತುಂಡರಿಸಿಕೊಟ್ಟರೆ, ಮುಂದಿನ ಯಂತ್ರಗಳು ಕೊರೆದು ರೂಪಿಸುತ್ತಿದ್ದವು. 110 ಮಂದಿ ಕುಶಲಿಗರ ಕೆಲಸವನ್ನು 10 ಮಂದಿ ಮಾಡತೊಡಗಿದರು. ಉಳಿದ ನೂರು ಮಂದಿಯ ಚಿಂತೆಯೂ ನಮಗೆ ಬಾರದಿರದು.

ಬಳಿಕ ಲಂಡನ್ನಿನ ಬ್ಯಾಟರ್ಸಿಯಲ್ಲಿ ಆತನು ಸ್ವಂತ ಕಾರ್ಖಾನೆಯನ್ನು ತೆರೆದನು. ಅಲ್ಲಿಯ ಹಿರಿಯ ಗರಗಸದ ವ್ಯಾಸ 18 ಅಡಿ. ಎಂದರೆ ಮೂರು ಆಳುದ್ದ! ಅಷ್ಟು ದೊಡ್ಡ ತಟ್ಟೆಯನ್ನು ಇಡಿಯಾಗಿ ಮಾಡದೆ, ಚಕ್ರದ ಅಂಚಿಗೆ ಉಕ್ಕಿನ ತುಣುಕುಗಳನ್ನು ಜೋಡಿಸಿದ್ದನು. ಅದು ಮಹಾಗನಿಯನ್ನು ಅಂಗುಲದ ಹದಿನಾರನೆಯ ಒಂದು ಪಾಲಿನಷ್ಟು ತೆಳ್ಳಗೆ ಸೀಳುತ್ತಿತ್ತು. ಅಗ್ಗದ ಮರದ ಕಪಾಟಿಗೆ ಈ ಹಾಳೆಯನ್ನು ಅಂಟಿಸಿದರೆ ಬೆಲೆಯುಳ್ಳ ಮರದ ಸೊಬಗು ಬರುತ್ತಿತ್ತು.

ಮರವನ್ನು ಕೂದಲೆಳೆಯಷ್ಟು ತಪ್ಪದೆ ಅಳೆದವನು ಹಣದ ಲೆಕ್ಕವನ್ನು ಮಾತ್ರ ನೋಡಲಿಲ್ಲ. 1814ರಲ್ಲಿ ಕಾರ್ಖಾನೆಯು ಬೆಂಕಿಗೆ ಆಹುತಿಯಾಯಿತು. ಸೈನಿಕರಿಗಾಗಿ ಯಂತ್ರದಿಂದ ಮಾಡಿಸಿದ ಬೂಟುಗಳು ಯುದ್ಧ ಮುಗಿದೊಡನೆ ರಾಶಿಯಾಗಿ ಉಳಿದವು. 1821ರಲ್ಲಿ ಆತನು ಸಾಲಗಾರರ ಸೆರೆಮನೆ ಸೇರಿದನು. ಸೋಫಿಯಾ ಪತಿಯೊಡನೆ ಅಲ್ಲಿಯೇ ಇದ್ದಳು. ಈತನು ರಷ್ಯಕ್ಕೆ ಹೋದಾನೆಂಬ ಸುದ್ದಿ ಹರಡಿದ ಮೇಲೆ, ಸರಕಾರವು 5,000 ಪೌಂಡು ಕೊಟ್ಟು ಬಿಡಿಸಿತು.

1825ರಲ್ಲಿ ಥೇಮ್ಸ್ ನದಿಯ ಅಡಿಯ ಸುರಂಗವನ್ನು ಆರಂಭಿಸಿ, ಪ್ರವಾಹಗಳನ್ನು ಎದುರಿಸಿ, 1843ರಲ್ಲಿ ಮುಗಿಸಿದನು. ಹಡಗಿನ ಮರವನ್ನು ಕೊರೆಯುವ ಹುಳುವಿನಿಂದ ಆ ಉಪಾಯವು ಹೊಳೆಯಿತೆಂದು ಪ್ರತೀತಿ. 1849ರಲ್ಲಿ ಆತನು ತೀರಿಕೊಂಡನು. ಸುರಂಗದಲ್ಲಿ ಇಂದಿಗೂ ರೈಲು ಓಡುತ್ತಿದೆ.