ಚಿನ್ನದ ಸುದ್ದಿ, ಕಲ್ಲಿನ ಹೆಸರು

ಹಿರೇಕೆರೂರಿನ ಸೀಮೆಯಲ್ಲಿ ಬಾವಿ ತೋಡುವಾಗ ಮೇಲೆ ಬರುವ ಬೂದುಬಣ್ಣದ, ಪದರು ಪದರಾಗಿ ಸೀಳುವ ಕಲ್ಲನ್ನು ನಾನು ಎಷ್ಟೋ ಸಲ ಕೈಯಲ್ಲಿ ಹಿಡಿದು ನೋಡಿದ್ದೇನೆ. ಒಕ್ಕಲಿಗನಿಗೆ ಅದು ಬೇಡದ ಕಲ್ಲು. ಒಡ್ಡಿಗೆ ಹಾಕಿ ಮರೆಯುವಂಥದು. ಆದರೆ ಪ್ರಪಂಚದ ಭೂವಿಜ್ಞಾನಿಗಳಿಗೆ ಆ ಕಲ್ಲಿನ ಕುಲವು ಚಿರಪರಿಚಿತ. ಅವರು ಅದನ್ನು ಕರೆಯುವುದು ನಮ್ಮ ಹಳೆಯ ಜಿಲ್ಲೆಯ ಹೆಸರಿನಿಂದಲೇ: ಧಾರವಾಡ ಶಿಲೆ. ಈ ಹೆಸರನ್ನಿಟ್ಟ ಪುರುಷನು ರಾಬರ್ಟ್ ಬ್ರೂಸ್ ಫೂಟ್. ಅವರ ಜೀವನವನ್ನು ನೆನೆಯಲು ನನಗೆ ಇನ್ನೊಂದು ಕಾರಣವೂ ಉಂಟು.

ದೂರದ ನಾಡೊಂದು ಲೋಕದ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವ ಬಗೆಯೇ ವಿಚಿತ್ರವಾದದ್ದು. ಅಲ್ಲಿಯ ಜನರ ಸುಖದುಃಖ, ಹಾಡು, ಹಬ್ಬ ಯಾವುದೂ ಸುದ್ದಿಯಾಗುವುದಿಲ್ಲ. ನೆಲದಡಿಯ ಲೋಹ ಮಾತ್ರ ಸುದ್ದಿಯಾಗುತ್ತದೆ. 1960ರಲ್ಲಿ ಕಾಂಗೋ ಸ್ವತಂತ್ರವಾದ ಬಳಿಕ ಕಟಾಂಗಾ ಎಂಬ ಪ್ರಾಂತದ ಹೆಸರು ದಿನವೂ ಅಚ್ಚಾಗುತ್ತಿತ್ತು. ಅಲ್ಲಿ ತಾಮ್ರವಿತ್ತು, ಕೋಬಾಲ್ಟ್ ಇತ್ತು. ಅಲ್ಲಿಯ ಗಣಿಯ ಯುರೇನಿಯಂ 1945ರ ಅಣುಬಾಂಬಿಗೆ ಒದಗಿತ್ತು. ವಿಶ್ವಸಂಸ್ಥೆಯ ಕರೆಯಂತೆ ಭಾರತದ ಸೈನಿಕರೂ ಅಲ್ಲಿಗೆ ಹೋಗಿ ಪ್ರಾಣವಿತ್ತರು. ಇಂಥ ಗತಿ ಒಂದು ಕಾಲಕ್ಕೆ, ಸಣ್ಣ ಪ್ರಮಾಣದಲ್ಲಿ, ನಮ್ಮ ಧಾರವಾಡ ಜಿಲ್ಲೆಗೂ ಬಂದಿತ್ತು. ಲಂಡನ್ನಿನ ಷೇರುಪೇಟೆಯಲ್ಲಿ ಧಾರವಾಡವೆಂದರೆ ಚಿನ್ನ ಎಂದಾಗಿದ್ದ ದಿನಗಳವು.

ಫೂಟ್ ಅವರು ಹುಟ್ಟಿದ್ದು 1834ರ ಸಪ್ಟೆಂಬರ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿ, ದಕ್ಷಿಣದ ಕೆಲಸಕ್ಕಾಗಿ ಮದರಾಸಿಗೆ ಬಂದರು. ಆಳುವವರಿಗೆ ಬೇಕಾದದ್ದು ಕಲ್ಲಿದ್ದಲು, ಕಬ್ಬಿಣ, ಚಿನ್ನ. ಅವರು ಆ ಸರಕಾರದ ಸೇವಕರೇ ಆಗಿದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಅವರ ಕಣ್ಣು ಆಜ್ಞೆಯ ಮೇರೆಯನ್ನು ಮೀರಿ ನೋಡುತ್ತಿತ್ತು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ಗರಸು ತೆಗೆದ ಗುಂಡಿಯೊಂದರಲ್ಲಿ, ಮನುಷ್ಯನ ಕೈ ಕಡೆದ ಕಲ್ಲಿನ ಕೊಡಲಿಯೊಂದು ಅವರಿಗೆ ದೊರೆಯಿತು. ಭಾರತದಲ್ಲಿಯೂ ಆದಿಮಾನವನು ಬಾಳಿದ್ದನೆಂಬುದಕ್ಕೆ ಅದು ಸಾಕ್ಷಿಯಾಯಿತು. ಅದೇ ವರ್ಷ ಅವರೂ ಅವರ ಜೊತೆಗಾರರಾದ ವಿಲಿಯಂ ಕಿಂಗ್ ಅವರೂ ಕಂಡ ಅತ್ತಿರಂಪಾಕ್ಕಂನ ಹಳೆಯ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷ ವಯಸ್ಸಾಗಿದೆಯೆಂದು 2011ರಲ್ಲಿ ವಿದ್ವಾಂಸರು ಪ್ರಕಟಿಸಿದರು.

ಆ ಬಳಿಕ ಫೂಟ್ ಅವರ ಸಂಚಾರ ಕನ್ನಡ ನಾಡಿಗೆ ತಿರುಗಿತು. ಗೋಕಾಕದ ಬಳಿ ದೊರೆತ ಘೇಂಡಾಮೃಗದ ಎಲುಬುಗಳನ್ನು ಪರಿಶೀಲಿಸಿ, ಅಳಿದುಹೋದ ಹೊಸ ಜಾತಿಯೊಂದನ್ನು 1874ರಲ್ಲಿ ವರ್ಣಿಸಿದರು. ಅದೇ ವರ್ಷ ಪ್ರಕಟವಾದ ಇನ್ನೊಂದು ಲೇಖನವೇ ನಮ್ಮ ಕಥೆಗೆ ಮುಖ್ಯವಾದದ್ದು. ಡಂಬಳದ ಗುಡ್ಡಗಳ, ಅಂದರೆ ನಮ್ಮ ಕಪ್ಪತಗುಡ್ಡದ, ಚಿನ್ನದ ವಿಷಯವದು. ಅಲ್ಲಿಯ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ತೆಗೆಯುವ ಜಲಗಾರರು ತಲೆಮಾರುಗಳಿಂದ ಇದ್ದರು. ಫೂಟ್ ಅವರು ಹಳ್ಳಗಳ ಮರಳನ್ನು ತೊಳೆಸಿ ನೋಡಿದರು, ಕಂಡಷ್ಟನ್ನೇ ಬರೆದರು. ಚಿನ್ನವುಂಟು, ಆದರೆ ಕೈಗೆ ಬರುವುದು ಅತಿ ಕಡಿಮೆ ಎಂಬುದೇ ಅದರ ತಾತ್ಪರ್ಯ.

ಇಂಥ ತೂಕದ ಮಾತಿಗೆ ಪೇಟೆಯಲ್ಲಿ ಬೆಲೆಯಿರಲಿಲ್ಲ. 1880ರ ಸುಮಾರಿಗೆ ವೈನಾಡಿನ ಚಿನ್ನದ ಹೆಸರು ಹೇಳಿ ಇಂಗ್ಲೆಂಡಿನಲ್ಲಿ 30ಕ್ಕೂ ಹೆಚ್ಚು ಕಂಪನಿಗಳು ಎದ್ದವು. 40 ಲಕ್ಷ ಪೌಂಡಿಗೂ ಮಿಕ್ಕ ಬಂಡವಾಳ ಕೂಡಿತು. ಕೆಲವೇ ವರ್ಷಗಳಲ್ಲಿ ಎಲ್ಲವೂ ಮಣ್ಣುಪಾಲಾಯಿತು. ಕೋಲಾರದಲ್ಲಿ ಮಾತ್ರ ಅದೃಷ್ಟ ಕೈಹಿಡಿಯಿತು. ಆ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದು, 2001ರಲ್ಲಿ ಮುಚ್ಚಿತು.

ಕೋಲಾರದ ಚಿನ್ನವೂ ಕಪ್ಪತಗುಡ್ಡದ ಕಣಗಳೂ ಒಂದೇ ಕುಲದ ಶಿಲೆಗಳಲ್ಲಿ ಅಡಗಿವೆಯೆಂಬುದನ್ನು ಗುರುತಿಸಿದ್ದು ಫೂಟ್ ಅವರ ಹಿರಿಮೆ. ಸುತ್ತಲಿನ ಗ್ರಾನೈಟಿನಿಂದ ಬೇರೆಯಾಗಿ, ಪಟ್ಟಿಪಟ್ಟಿಯಾಗಿ ಹಬ್ಬಿದ ಆ ಶಿಲೆಗಳಿಗೆ 1880ರ ದಶಕದಲ್ಲಿ ಅವರು ಧಾರವಾಡದ ಹೆಸರನ್ನಿಟ್ಟರು. ಶಿವಮೊಗ್ಗದ ಕಡೆಯಿಂದ ಉತ್ತರಕ್ಕೆ ಬರುವ ಅಂಥದೊಂದು ವಿಶಾಲವಾದ ಪಟ್ಟಿ ನಮ್ಮ ಸೀಮೆಯನ್ನು ಹಾದುಹೋಗುತ್ತದೆ. ಆಗ ಹಿರೇಕೆರೂರು ಕೋಡ ತಾಲ್ಲೂಕಿನ ಕಸಬೆ, ಶಿಗ್ಗಾಂವಿಯು ಬಂಕಾಪುರ ತಾಲ್ಲೂಕಿನದು. ಹಾನಗಲ್ಲು ತನ್ನದೇ ಹೆಸರಿನ ತಾಲ್ಲೂಕು. ಸವಣೂರು ನವಾಬರ ಪುಟ್ಟ ಸಂಸ್ಥಾನ. ಬತ್ತ, ಮೆಣಸಿನಕಾಯಿ, ವೀಳ್ಯದೆಲೆಗಳ ಈ ಊರುಗಳ ಹೆಸರನ್ನು ಲಂಡನ್ನಿನ ಯಾವ ಪತ್ರಿಕೆಯು ತಾನೇ ವಿಚಾರಿಸೀತು?

1891ರಲ್ಲಿ ಅವರು ಸರ್ವೇಕ್ಷಣೆಯಿಂದ ನಿವೃತ್ತರಾದರು. ಮುಂದೆ ಬಡೋದೆಯ ಕೆಲಸ ಮಾಡಿ, ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಆರಂಭವಾದ ಭೂವಿಜ್ಞಾನ ಇಲಾಖೆಯ ಮೊದಲ ಹೊಣೆಯನ್ನು ಹೊತ್ತರು. ಕೊನೆಯ ವರ್ಷಗಳಲ್ಲಿ ಸೇಲಂ ಬಳಿಯ ಏರ್ಕಾಡಿನಲ್ಲಿ ನೆಲೆಸಿ, ತಾವು ಕೂಡಿಸಿದ ಕಲ್ಲು ಮಡಕೆಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಆ ಸಂಗ್ರಹವು 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರ ಡಿಸೆಂಬರ 29ರಂದು ಕಲಕತ್ತೆಯಲ್ಲಿ ಅವರು ತೀರಿಕೊಂಡರು.

ಅವರ ಆ ಕೊನೆಯ ದಿನಗಳಲ್ಲಿಯೇ ಗದಗಿನ ದಕ್ಷಿಣದ ಗುಡ್ಡಗಳಲ್ಲಿ ಕಂಪನಿಗಳು ಗಣಿ ತೋಡಿದವು. ಧಾರವಾಡದ ಹೆಸರು ಷೇರುಪತ್ರಗಳ ಮೇಲೆ ಅಚ್ಚಾಯಿತು. ಹತ್ತು ವರ್ಷ ತುಂಬುವ ಹೊತ್ತಿಗೆ ಯಂತ್ರಗಳು ನಿಂತವು, ಬಂದವರು ಹೊರಟುಹೋದರು, ಸುದ್ದಿಯೂ ಸತ್ತಿತು. ಮೊದಲೇ ನಿಜ ಹೇಳಿದ್ದ ಮನುಷ್ಯನನ್ನು ಆಗ ನೆನೆದವರೆಷ್ಟು ಮಂದಿಯೋ!

ಫೂಟ್ ಅವರು ಇಟ್ಟ ಹೆಸರಾದರೋ ಅಳಿಯಲಿಲ್ಲ. ಆಫ್ರಿಕೆಯ, ಆಸ್ಟ್ರೇಲಿಯದ ಅತಿ ಪ್ರಾಚೀನ ನೆಲಗಳ ಮಾತು ಬಂದಲ್ಲೆಲ್ಲ ಇಂದಿಗೂ ಧಾರವಾಡದ ಹೆಸರು ಬರುತ್ತದೆ. ಬಾವಿಯಿಂದ ಬಂದ ಆ ಕಲ್ಲಿಗೆ 250 ಕೋಟಿ ವರ್ಷಕ್ಕೂ ಮಿಕ್ಕ ವಯಸ್ಸು. ಈ ಶತಮಾನದಲ್ಲಿ ನಮ್ಮ ನೆರೆಯ ಹಾವೇರಿ ತಾಲ್ಲೂಕಿನ ಗಣಜೂರಿನಲ್ಲಿ ಮತ್ತೆ ಚಿನ್ನದ ಅನ್ವೇಷಣೆ ನಡೆದಿದೆ. ಅತ್ತ ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿ ಧಾಮವೆಂದು ಸಾರಲಾಗಿದೆ. ನೆಲವನ್ನು ಅಗೆಯಬೇಕೋ ಉಳಿಸಬೇಕೋ ಎಂಬ ಪ್ರಶ್ನೆ ಇನ್ನು ನಮ್ಮ ಬಾಗಿಲಿಗೂ ಬಂದೀತು. ಹೊರಗಿನವರ ಸುದ್ದಿಯಿಂದ ನಮ್ಮ ನೆಲದ ಬೆಲೆ ತಿಳಿಯುವ ಬದಲು, ಫೂಟ್ ಅವರಂತೆ ನಾವೇ ನಡೆದು, ಕಲ್ಲನ್ನು ಕೈಗೆತ್ತಿಕೊಂಡು, ಇದ್ದಷ್ಟನ್ನೇ ಇದೆಯೆನ್ನಲು ಕಲಿತಿರಬೇಕು. ಹಿರೇಕೆರೂರಿನ ಒಡ್ಡಿನ ಮೇಲಿನ ಆ ಬೂದು ಕಲ್ಲಿನ ಹೆಸರನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳಿಕೊಡುವುದರಿಂದಲೇ ಅದನ್ನು ಆರಂಭಿಸಬಹುದು.