ಹಕ್ಕಿಗಳ ಲೆಕ್ಕ ಇಟ್ಟವರು: ಡಾ. ಸಲೀಂ ಅಲಿ

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಪ್ರವಾಸ ಹೋದವರು ದೋಣಿಯಲ್ಲಿ ಕುಳಿತು ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಬಾಯ್ಕಳಕ ಹಕ್ಕಿಗಳನ್ನು ಕಣ್ತುಂಬ ನೋಡಿ ಬಂದಿರುತ್ತಾರೆ. ಕಾವೇರಿಯ ನಡುವಿನ ಆ ನಡುಗಡ್ಡೆಗಳು ಹಕ್ಕಿಗಳ ಹೆರಿಗೆಮನೆ ಎಂಬುದನ್ನು ಗುರುತಿಸಿ, 1940ರಲ್ಲಿ ಮೈಸೂರು ಅರಸರಿಂದ ಅವುಗಳಿಗೆ ಪಕ್ಷಿಧಾಮದ ರಕ್ಷಣೆ ಕೊಡಿಸಿದವರು ಡಾ. ಸಲೀಂ ಅಲಿ.

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಮೂರು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಮತ್ತು ಅತ್ತೆ ಹಮೀದಾ ಬೇಗಂ ಸಾಕಿದರು. ಹುಡುಗನಿಗೆ ಏರ್‌ಗನ್ನಿನಿಂದ ಗುಬ್ಬಚ್ಚಿ ಹೊಡೆಯುವ ಚಟ. ಒಮ್ಮೆ ಹೊಡೆದ ಗುಬ್ಬಿಯ ಕುತ್ತಿಗೆಯಲ್ಲಿ ಹಳದಿ ಮಚ್ಚೆಯಿತ್ತು. ಇದು ಯಾವ ಹಕ್ಕಿ, ತಿನ್ನಬಹುದೋ ಬಾರದೋ ಎಂದು ಮಾವನನ್ನು ಕೇಳಿದ. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರ ಬಳಿಗೆ ಕಳುಹಿಸಿದರು. ಮಿಲ್ಲಾರ್ಡ್ ಬೈಯಲಿಲ್ಲ. ಹಕ್ಕಿಯ ಹೆಸರು ಹೇಳಿ, ಒಳಗೆ ಜೋಡಿಸಿಟ್ಟಿದ್ದ ಹಕ್ಕಿಗಳ ಸಂಗ್ರಹವನ್ನು ತೋರಿಸಿದರು; ಓದಲು ಪುಸ್ತಕ ಕೊಟ್ಟರು. ಒಂದು ಪ್ರಶ್ನೆಯಿಂದ ಒಂದು ಬದುಕಿನ ದಾರಿ ತೆರೆಯಿತು.

ಆದರೆ ಆ ದಾರಿ ಸಲೀಸಾಗಿರಲಿಲ್ಲ. 1913ರಲ್ಲಿ ಮೆಟ್ರಿಕ್ಯುಲೇಷನ್ ದಾಟಿದ್ದೇ ಕಷ್ಟದಲ್ಲಿ. ಸೇಂಟ್ ಝೇವಿಯರ್ಸ್ ಕಾಲೇಜಿನ ಮೊದಲ ವರ್ಷವೇ ಭಾರವಾಗಿ, ಓದು ಬಿಟ್ಟು ಮನೆಯವರ ವ್ಯವಹಾರ ನೋಡಿಕೊಳ್ಳಲು ಬರ್ಮಾಕ್ಕೆ ಹೋದರು. ಅಲ್ಲಿನ ಕಾಡು ವ್ಯಾಪಾರಕ್ಕಿಂತ ಹೆಚ್ಚು ಹಿಡಿಸಿತು. ಮರಳಿ ಬಂದು ಪ್ರಾಣಿಶಾಸ್ತ್ರ ಓದಿದರೂ ವಿಶ್ವವಿದ್ಯಾಲಯದ ಪದವಿ ಪಡೆಯಲಿಲ್ಲ. ಪದವಿ ಇಲ್ಲವೆಂಬ ಕಾರಣಕ್ಕೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆ ಕೈತಪ್ಪಿತು.

ಪದವಿ ಬೇಡ ಎಂದು ಅವರು ಕಲಿಕೆಯನ್ನು ಬಿಡಲಿಲ್ಲ ಎಂಬುದನ್ನು ವಿದ್ಯಾರ್ಥಿಗಳಾದ ನಾವು ಗಮನಿಸಬೇಕು. 1926ರಲ್ಲಿ ಮುಂಬೈಯ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷದ ನಂತರ ರಜೆ ಹಾಕಿ ಬರ್ಲಿನ್‌ಗೆ ಹೋಗಿ, ಎರ್ವಿನ್ ಸ್ಟ್ರೆಸೆಮನ್ ಎಂಬ ಪ್ರಸಿದ್ಧ ಪಕ್ಷಿವಿಜ್ಞಾನಿಯ ಕೈಕೆಳಗೆ ಪಳಗಿದರು. 1930ರಲ್ಲಿ ಹಿಂತಿರುಗಿದಾಗ, ಹಣವಿಲ್ಲವೆಂದು ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು. ಪತ್ನಿ ತೆಹಮಿನಾ ಬೇಗಂ ಜೊತೆ ಸಮುದ್ರತೀರದ ಕಿಹಿಮ್ ಎಂಬ ಹಳ್ಳಿಗೆ ಹೋದರು. ಅಲ್ಲಿ ಇಡೀ ಮಳೆಗಾಲ ಗೀಜಗನ ಗೂಡುಗಳನ್ನು ನೋಡುತ್ತಾ ಕುಳಿತರು. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕುಳಿತ ಮೇಲೆ ಗಂಡು ಇನ್ನೊಂದು ಗೂಡು ಶುರುಮಾಡುತ್ತದೆ. ಆ ಲೇಖನ ಅವರಿಗೆ ಹೆಸರು ತಂದಿತು.

ಮುಂದೆ ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಮುಂತಾದ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆ ನಡೆಸಿದರು. ಈ ಅಲೆದಾಟದಲ್ಲಿ ಜೊತೆಗಿದ್ದ ತೆಹಮಿನಾ 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಆ ದುಃಖದ ಬೆನ್ನಲ್ಲೇ ಅವರು ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದರು. 1941ರಲ್ಲಿ ಭಾರತದ ಹಕ್ಕಿಗಳ ಕುರಿತ ಅವರ ಮೊದಲ ಪುಸ್ತಕ ಬಂತು. ಅಮೆರಿಕದ ಡಿಲ್ಲನ್ ರಿಪ್ಲೆ ಅವರೊಂದಿಗೆ ಬರೆದ ಹತ್ತು ಸಂಪುಟಗಳ ಕೈಪಿಡಿ 1964ರಿಂದ 1974ರವರೆಗೆ ಹೊರಬಂತು.

ನೀರುಹಕ್ಕಿಗಳಿಗಾಗಿ ಅವರು ಮಾಡಿದ ದೊಡ್ಡ ಕೆಲಸ ರಾಜಸ್ಥಾನದ ಭರತ್‌ಪುರದಲ್ಲಿದೆ. ಅಲ್ಲಿನ ಕೇವಲಾದೇವ ಜೌಗುಪ್ರದೇಶ ಒಂದು ಕಾಲಕ್ಕೆ ಮಹಾರಾಜರ ಬೇಟೆಯ ತಾಣ. 1938ರಲ್ಲಿ ಒಂದೇ ದಿನ 4,273 ಹಕ್ಕಿಗಳನ್ನು ಅಲ್ಲಿ ಹೊಡೆದುರುಳಿಸಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಅದನ್ನು ಬತ್ತಿಸಿ ಹೊಲ ಮಾಡಬೇಕೆಂಬ ಒತ್ತಾಯ ಬಂದಾಗ, ಸಲೀಂ ಅಲಿ ಪ್ರಧಾನಿ ನೆಹರೂ ಅವರವರೆಗೂ ಹೋಗಿ ಅದನ್ನು ಉಳಿಸಿದರು. ಅಲ್ಲಿ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಅವು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಅವರ ತಂಡ ಪತ್ತೆಹಚ್ಚಿತು.

ಅದೇ ಭರತ್‌ಪುರ ಅವರ ಒಂದು ನಂಬಿಕೆಯನ್ನು ತಿದ್ದಿತು. ಎಮ್ಮೆ ದನಗಳ ಮೇವಿನಿಂದ ಜೌಗು ಹಾಳಾಗುತ್ತದೆ ಎಂದು ಅವರು ನಂಬಿದ್ದರು. 1982ರಲ್ಲಿ ಮೇಯಿಸುವುದನ್ನು ನಿಷೇಧಿಸಲಾಯಿತು. ಪ್ರತಿಭಟಿಸಿದ ಹಳ್ಳಿಯವರ ಮೇಲೆ ಗೋಲಿಬಾರ್ ನಡೆದು ಜೀವಹಾನಿಯಾಯಿತು. ಆದರೆ ಎಮ್ಮೆಗಳಿಲ್ಲದೆ ಹುಲ್ಲು ಬೆಳೆದು ನೀರನ್ನೇ ಮುಚ್ಚಿತು, ನೀರುಹಕ್ಕಿಗಳು ಕಡಿಮೆಯಾದವು. ಇದನ್ನು ಲೆಕ್ಕಸಹಿತ ತೋರಿಸಿದ್ದು ಅವರದೇ ಸೊಸೈಟಿಯ ದೀರ್ಘ ಅಧ್ಯಯನ. ಗುರುವಿನ ಅಭಿಪ್ರಾಯಕ್ಕಿಂತ ಕೆರೆಯ ಲೆಕ್ಕ ದೊಡ್ಡದು ಎಂದು ಸೊಸೈಟಿ ಒಪ್ಪಿಕೊಂಡಿತು. ಅವರು ಜೀವನವಿಡೀ ಕಲಿಸಿದ್ದೂ ಅದನ್ನೇ.

1976ರಲ್ಲಿ ಪದ್ಮವಿಭೂಷಣ ಬಂತು. ಅದೇ ವರ್ಷ ಗೆಟ್ಟಿ ಪ್ರಶಸ್ತಿಯ ಹಣವನ್ನು ಪ್ರಕೃತಿ ಸಂರಕ್ಷಣೆಯ ನಿಧಿಗೆ ಕೊಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು, ತೊಂಬತ್ತರ ವಯಸ್ಸಿನಲ್ಲಿ ನಿಧನರಾದರು. 2016ರಲ್ಲಿ ಹಿಮಾಲಯದ ಒಂದು ಹಕ್ಕಿಯನ್ನು ಅದರ ಹಾಡು ಮತ್ತು ಡಿಎನ್‌ಎ ಪರೀಕ್ಷೆಯ ಆಧಾರದ ಮೇಲೆ ಹೊಸ ಪ್ರಭೇದವೆಂದು ಗುರುತಿಸಿ, ಅದಕ್ಕೆ ಸಲೀಂ ಅಲಿಯವರ ಹೆಸರಿಟ್ಟರು.

ವಿದ್ಯಾರ್ಥಿ ಮಿತ್ರರೇ, ನಮ್ಮ ನಮ್ಮ ಊರಿನಲ್ಲಿ ಕೆರೆಗಳಿವೆ. ಈ ಚಳಿಗಾಲದಲ್ಲಿ ಒಂದು ನೋಟ್‌ಬುಕ್ಕು, ಒಂದು ಪೆನ್ನು ಹಿಡಿದು ಹೋಗಿ. ಯಾವ ಹಕ್ಕಿ, ಎಷ್ಟು, ಯಾವ ದಿನ ಎಂದು ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೆ ಸಂಕೋಚಪಡದೆ ಕೇಳಿ. ಕೆರೆಯನ್ನು ಉಳಿಸಲು ನಾಳೆ ಯಾರಾದರೂ ಮುಂದೆ ಬಂದರೆ, ಅವರ ಕೈಯಲ್ಲಿರಬೇಕಾದ ಸಾಕ್ಷಿ ಅದೇ ನೋಟ್‌ಬುಕ್ಕು.