ಭಿಕ್ಷುಕನ ವೇಷದ ಗುರು: ಸಂತ ಜೋಸೆಫ್ ವಾಜ್

ಈ ಬೆಟ್ಟ ಹತ್ತಿ ಬರುವ ಪ್ರತಿಯೊಬ್ಬ ಯಾತ್ರಿಕನೂ ಏನಾದರೊಂದು ಕೊರತೆಯನ್ನು ಮನಸ್ಸಿನಲ್ಲಿ ಹೊತ್ತುಕೊಂಡೇ ಬರುತ್ತಾನೆ. ದೇವರ ಮುಂದೆ ನಾನು ಬಡವ ಎಂದು ಒಪ್ಪಿಕೊಳ್ಳುವುದೇ ಪ್ರಾರ್ಥನೆಯ ಮೊದಲ ಮೆಟ್ಟಿಲು. ಆ ಮೆಟ್ಟಿಲಿನ ಮೇಲೆಯೇ ಬದುಕಿಡೀ ನಿಂತಿದ್ದವರು ಸಂತ ಜೋಸೆಫ್ ವಾಜ್.

ಅವರು ಹುಟ್ಟಿದ್ದು ಗೋವಾದ ಬೆನೌಲಿಮ್‌ನಲ್ಲಿ, 1651ರ ಏಪ್ರಿಲ್ 21ರಂದು. ಕೊಂಕಣಿ ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನ. 1676ರಲ್ಲಿ ಗುರುದೀಕ್ಷೆಯಾಯಿತು. ಮರುವರ್ಷ ಅವರು ತಮ್ಮನ್ನು ಮಾತೆ ಮರಿಯಮ್ಮನವರ ಗುಲಾಮನೆಂದು ಬರೆದುಕೊಟ್ಟು ಸಹಿ ಹಾಕಿದರು. ದೊಡ್ಡ ಮನೆತನದ ಮಗ ತನ್ನನ್ನು ಜೀತದಾಳು ಎಂದು ಬರೆದುಕೊಳ್ಳುವುದು ಸಣ್ಣ ಮಾತಲ್ಲ!

ಕನ್ನಡ ಕರಾವಳಿಯಲ್ಲಿ

1681ರಲ್ಲಿ ಅವರನ್ನು ಕೆನರಾ ಪ್ರಾಂತ್ಯಕ್ಕೆ ಕಳುಹಿಸಲಾಯಿತು. ಆಗ ಇಲ್ಲಿಯ ಧರ್ಮಸಭೆಯಲ್ಲಿ ಅಧಿಕಾರ ಯಾರದೆಂಬ ಜಗಳ. ಗೋವಾದ ಕಡೆಯವರು ಒಂದು ಬದಿ, ರೋಮಿನಿಂದ ನೇಮಕವಾದ ಧರ್ಮಾಧ್ಯಕ್ಷರು ಇನ್ನೊಂದು ಬದಿ. ನಡುವೆ ಸಿಕ್ಕ ಬಡ ವಿಶ್ವಾಸಿಗಳಿಗೆ ದಿಕ್ಕು ತೋಚದು. ಫಾದರ್ ವಾಜ್ ತಾನೇ ದೊಡ್ಡವನೆಂದು ವಾದಕ್ಕಿಳಿಯದೆ ಸಮಾಧಾನಕ್ಕೆ ಪ್ರಯತ್ನಪಟ್ಟರು. ಬರಿಗಾಲಲ್ಲೇ ಊರೂರು ತಿರುಗಿ ಬಲಿಪೂಜೆ ಅರ್ಪಿಸಿದರು, ಮಕ್ಕಳಿಗೆ ಶಾಲೆ ತೆರೆದರು. 1684ರಲ್ಲಿ ಗೋವಾಕ್ಕೆ ಮರಳಿದರು. ಮುಡಿಪು ಗುಡ್ಡದ ಜನ ಇಂದಿಗೂ ಅವರನ್ನು ಮರೆತಿಲ್ಲ.

ಲಂಕೆಯ ಹಾದಿ

ಡಚ್ಚರು 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಹಿಡಿದು ಕಥೋಲಿಕ ಗುರುಗಳನ್ನು ಓಡಿಸಿದ್ದರು. ಸುಮಾರು ಮೂವತ್ತು ವರ್ಷ ಅಲ್ಲಿ ಪಾಪನಿವೇದನೆ ಕೇಳುವವರಿಲ್ಲ, ಪರಮಪ್ರಸಾದ ಕೊಡುವವರಿಲ್ಲ. ಹೊಟ್ಟೆಯ ಹಸಿವಿಗಿಂತ ದೊಡ್ಡದು ಈ ಆತ್ಮದ ಹಸಿವು. ಗೋವಾದ ಒರೆಟರಿ ಸಭೆಯ ಹಿರಿಯರಾಗಿದ್ದ ಫಾದರ್ ವಾಜ್ ಆ ಸ್ಥಾನ ಬಿಟ್ಟು 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಲಂಕೆಗೆ ಹೊರಟರು. ಜೊತೆಗೆ ಜಾನ್ ಎಂಬ ಸೇವಕ ಮಾತ್ರ. ಜಾಫ್ನಾ ತಲುಪುವಾಗ ಭೇದಿಯಿಂದ ಬಳಲಿ ಸಾಯುವ ಸ್ಥಿತಿ. ಚೇತರಿಸಿಕೊಂಡು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ನೋಡಿ ಯಾರ ಮುಖ ಅರಳಿತೋ ಅವರೇ ಕ್ರೈಸ್ತರು! ಅನ್ನ ಬೇಡಲು ಬಂದವನು ಅವರಿಗೆ ಜೀವದ ರೊಟ್ಟಿಯನ್ನೇ ತಂದಿದ್ದ.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಗೆ ಹಾಕಿದರು. ಗೊಣಗದೆ ಸೆರೆಯಲ್ಲೇ ಅಲ್ಲಿಯ ಭಾಷೆ ಕಲಿತರು. 1696ರಲ್ಲಿ ಬರ ಬಿದ್ದಾಗ ಅವರು ಪ್ರಾರ್ಥಿಸಿ ಮಳೆ ಬಂತೆಂದು ಜನ ನಂಬುತ್ತಾರೆ. ಅರಸ ಎರಡನೇ ವಿಮಲಧರ್ಮಸೂರ್ಯ ಅವರಿಗೆ ಓಡಾಡುವ ಸ್ವಾತಂತ್ರ್ಯ ಕೊಟ್ಟ. 1697ರಲ್ಲಿ ಸಿಡುಬು ಬಂದು, ಸ್ವಂತದವರೇ ರೋಗಿಗಳನ್ನು ಕಾಡಿಗೆ ಬಿಟ್ಟುಬಂದರು. ಫಾದರ್ ವಾಜ್ ಮತ್ತು ಅವರ ಸೋದರಳಿಯ ಫಾದರ್ ಜೋಸೆಫ್ ಕಾರ್ವಾಲೊ ಜಾತಿಮತ ಕೇಳದೆ ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಮಣ್ಣುಮಾಡಿದರು.

ಮುಂದೆ ಧರ್ಮಾಧ್ಯಕ್ಷರಾಗುವ ಅವಕಾಶ ಬಂದಾಗ ಬೇಡವೆಂದುಬಿಟ್ಟರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಕಣ್ಣುಮುಚ್ಚಿದರು. ಅವರನ್ನು 1995ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಸಾರಿದರು.

ಪ್ರಿಯ ಯಾತ್ರಿಕರೇ, ತುಂಬಿದ ಕೊಡಕ್ಕೆ ನೀರು ಹಿಡಿಯದು. ನನಗೇನೂ ಕಮ್ಮಿಯಿಲ್ಲ ಎನ್ನುವವನಿಗೆ ದೇವರಾದರೂ ಏನು ಕೊಟ್ಟಾರು? ಜೋಸೆಫ್ ವಾಜರು ಖಾಲಿ ಕೈ ಚಾಚಿದರು, ಆ ಕೈಯಿಂದಲೇ ಒಂದು ನಾಡಿನ ಹಸಿವು ನೀಗಿತು. ಬೆಟ್ಟ ಇಳಿಯುವ ಮುನ್ನ ನಾವೂ ಒಮ್ಮೆ ಮಂಡಿಯೂರಿ ನಮ್ಮ ಕೊರತೆಯನ್ನು ಪ್ರಭುವಿನ ಮುಂದೆ ಒಪ್ಪಿಕೊಳ್ಳೋಣ.

ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.